ಮೊದಲ ಕಂತು

"ನೀವು ಇದುವರೆಗೂ ಸಾಲವನ್ನೇ ಮಾಡಿಲ್ಲ, ತೀರಿಸ್ತೀರಿ ಅನ್ನೋಕೆ ದಾಖಲೆಯೇ ಇಲ್ಲ. ಅದಕ್ಕೇ ಮನೆ ಸಾಲದ ಅರ್ಜಿ ತಿರಸ್ಕಾರ ಆಗಿದೆ," ಎಂದರು ಬ್ಯಾಂಕಿನ ಅಧಿಕಾರಿ.

ಬಡಗಿ ಹೆಂಡತಿಯ ಮುಖ ನೋಡಿದ. ಯಾರ ಮುಂದೆಯೂ ಕೈ ಚಾಚಬಾರದೆಂದು ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಬಾಳಿದ್ದರು. ಅದೇ ತಪ್ಪಾಯಿತೆ?

"ಈಗೇನ್ ಮಾಡೋದು ಸಾರ್?" ಎಂದಳು ಅವಳು.

"ಏನಾದ್ರೂ ಚಿಕ್ಕದನ್ನ ಕಂತಲ್ಲಿ ತಗೊಂಡು, ತಪ್ಪದೆ ಕಟ್ಟಿ. ಒಂದು ವರ್ಷ ಬಿಟ್ಟು ಬನ್ನಿ. ಅಲ್ಲೀವರೆಗೂ ಕಂಡ ಕಂಡ ಬ್ಯಾಂಕಿಗೆಲ್ಲ ಅರ್ಜಿ ಹಾಕ್ಬೇಡಿ, ಅದೂ ದಾಖಲೆಗೆ ಸೇರಿ ತೊಂದರೆ ಆಗುತ್ತೆ."

ಎದುರಿನ ಅಂಗಡಿಯಲ್ಲಿ ಬಡಗಿ ಒಂದು ಡ್ರಿಲ್ ಮಷೀನು ಆರಿಸಿದ. ಬೆಲೆ ಕೇಳಿದ ಕೂಡಲೇ ಅಭ್ಯಾಸದಂತೆ ಜೇಬಿನಿಂದ ನೋಟುಗಳನ್ನು ತೆಗೆದ. ಹೆಂಡತಿ ಆ ಕೈಯನ್ನು ಮೆಲ್ಲಗೆ ಹಿಡಿದು ಮತ್ತೆ ಜೇಬಿಗೇ ಸೇರಿಸಿದಳು.

"ದುಡ್ಡಿದೆಯಲ್ಲ ಅಣ್ಣ?" ಎಂದ ಅಂಗಡಿಯವನು.

"ಇದೆ," ಎಂದ ಬಡಗಿ. ಅವನ ಕಿವಿ ಕೆಂಪಾಯಿತು. "ಆದ್ರೂ... ಕಂತಿನ ಸಾಲಕ್ಕೆ ಕೊಡ್ತೀರಾ?"