ಪ್ರಮಾಣದ ತಗಡು

ಗಂಡ ಮಹಾಂತೇಶನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮಂದಾಕಿನಿ ಹಾಲು ಕಾಯಿಸಿ, ಸುತ್ತಿಗೆ ಹಿಡಿದು ತಗಡಿನ ಮುಂದೆ ಕುಳಿತಳು. ತಗಡು ಬಡಿಯುವಾಗ ಆಡಿದ ಮಾತೆಲ್ಲ ಅದರಲ್ಲೇ ಉಳಿಯುತ್ತಿತ್ತು. ಮಗುಚಿ ಬೆನ್ನಿಗೆ ಬಡಿದರೆ ಮಾತ್ರ ಒಂದೇ ಸಲ, ಆಡಿದ ಕ್ರಮದಲ್ಲೇ ನುಡಿದು ಬರಿದಾಗುತ್ತಿತ್ತು. ತಗಡು ಕೆಲಸಗಾರರ ಸಂಘ ಹುಟ್ಟಿದ ದಿನದ ಪ್ರಮಾಣ ಇದರಲ್ಲಿತ್ತು. ಡೊಂಕಾದ ಮೂಲೆ ನೆಟ್ಟಗೆ ಮಾಡಲು ಮಹಾಂತೇಶ ಅದನ್ನು ಸಂಘದಿಂದ ಮನೆಗೆ ತಂದಿದ್ದ. ಬಡಿಯುತ್ತ ಅವಳ ಹೆಸರು ಹಿಡಿದು ಏನೋ ಅಂದಿದ್ದ. ಮಿಕ್ಸಿಯ ಸದ್ದಿನಲ್ಲಿ ಅವಳಿಗೆ ಕೇಳಿರಲಿಲ್ಲ.

ಬಾಗಿಲಲ್ಲಿ ಸಂಘದ ಹಿರಿಯ ಹಸನಸಾಬರು ನಿಂತಿದ್ದರು. ಅವರ ಕಣ್ಣು ಸುತ್ತಿಗೆಯ ಮೇಲಿತ್ತು.

"ಇವತ್ತ ಕೋರ್ಟಿನ್ಯಾಗ ಇದು ಮಾತಾಡ್ಲಿಲ್ಲಂದ್ರ, ಸಂಘಾನ ಹುಟ್ಟಿಲ್ಲ ಅಂತಾನ ಮಾಲಕ. ಬಡದಿ ಏನ, ಮಗಳ?"

"ಇಲ್ರಿ ಕಾಕಾ."

ತಗಡನ್ನೆತ್ತಿ ಅವರ ಕೈಗಿತ್ತಳು.

"ನಾನೂ ಬರ್ತೀನಿ. ಪ್ರಮಾಣ ಮುಗದ ಕೂಡಲೇ ಚಪ್ಪಾಳಿ ಹೊಡೀಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ರಿ. ಕಡೀಕ ಅವರ ಮಾತೈತಿ."