ಅರವತ್ತೊಂದು ಡಿಗ್ರಿ

ನೀರು ಕಾಯಿಸುವ ಸೋಲಾರ್ ಕೂರಿಸಿದ ಉಲ್ಲಾಸ ಹುಲೇಕಲ್ಲಿನ ಆ ಮನೆಯ ತಾರಸಿ ಹತ್ತಿದ್ದು ಇದು ನಾಲ್ಕನೇ ಸಲ. ಮೊದಲ ಮೂರು ಸಲ ಚೀಲದಲ್ಲಿ ರಿಪೇರಿ ಸಾಮಾನಿತ್ತು. ಈ ಸಲ ನಟ್ಟು ಬಿಚ್ಚುವ ಪಾನಾ ಮಾತ್ರ. "ಹದಿನೈದು ದಿನ ಬಳಸಿ ನೋಡಿ, ಮನಸ್ಸಿಗೆ ಬರದಿದ್ರೆ ಬಿಚ್ಚಿಕೊಂಡು ಹೋಗ್ತೇನೆ" ಎಂದು ಶಿರಸಿಯ ಅಂಗಡಿಯವರ ಪರವಾಗಿ ಅವನೇ ಮಾತು ಕೊಟ್ಟಿದ್ದ. ಇವತ್ತಿಗೆ ಹದಿನೈದು. ಕೆಳಗೆ ಏಣಿ ಹಿಡಿದು ನಿಂತ ಪರಿಮಳೆಗೆ ಅಳು ಬರುವುದೊಂದು ಬಾಕಿ.

ಬರದೇ ಏನು? ಮದುವೆಯಾಗಿ ಬಂದ ಹನ್ನೊಂದು ವರ್ಷವೂ ಬೆಳಗಿನ ನಾಲ್ಕೂವರೆಗೆದ್ದು ಬಚ್ಚಲೊಲೆ ಊದಿದವಳು ಅವಳು. ಹೊಗೆ ಕುಡಿದು ಕಣ್ಣು ಕೆಂಪಾದರೆ ನಿದ್ದೆ ಹೆಚ್ಚಾಯಿತೆಂದು ಅತ್ತೆ ವೆಂಕಮ್ಮ ಆಡಿಕೊಳ್ಳುತ್ತಿದ್ದರು. ಸೋಲಾರಿಗೂ ಅವರದೇ ಷರತ್ತು: ಬೆಳಿಗ್ಗೆ ಐದಕ್ಕೆ ಮೈ ಕೆಂಪಾಗುವಷ್ಟು ಬಿಸಿನೀರು ಬಂದರೆ ಇರಲಿ, ಇಲ್ಲವಾದರೆ ಒಲೆಯೇ ಸೈ. ಗಂಡ ಶಾಂತಾರಾಮ ಇಬ್ಬರಿಗೂ ಹೌದೆಂದ. ಯಾರು ಕೊನೆಗೆ ಮಾತಾಡುತ್ತಾರೋ ಅವರ ಕಡೆ ವಾಲುವುದು ಅವನ ಸ್ವಭಾವ.

ಬೆಳಗಿನ ನೀರು ಮಾತ್ರ ಒಂದು ದಿನವೂ ಬಿಸಿಯಿರಲಿಲ್ಲ. ಉಲ್ಲಾಸ ಮಾಡದ ಪ್ರಯೋಗವಿಲ್ಲ. ಹಿಂದಿನ ಕಾಲಿಗೆ ಇಟ್ಟಿಗೆ ಕೊಟ್ಟು ದಕ್ಷಿಣದ ಬಿಸಿಲು ನೇರ ಬೀಳುವಂತೆ ಮಾಡಿದ, ತಗಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ, ಪೈಪಿಗೆಲ್ಲ ಹುಲ್ಲು ಸುತ್ತಿ ಗೋಣಿ ಬಿಗಿದ. ಪರಿಮಳೆಯೂ ದಿನಾ ಹತ್ತು ಗಂಟೆಗೆ ತಾರಸಿ ಹತ್ತಿ, ದೇವರ ಪಾತ್ರೆಗಿಂತ ಹೆಚ್ಚಿನ ಶ್ರದ್ಧೆಯಿಂದ ಗಾಜು ಒರೆಸಿ ಬಂದಳು. ಏನು ಮಾಡಿದರೂ ಬೆಳಗಾಗುವಾಗ ನಲ್ಲಿಯಲ್ಲಿ ಬಾವಿ ನೀರೇ.

"ಬಿಚ್ಚೋ ಮೊದಲು ಒಂದ್ಸಲ ನೋಡಿಬಿಡ್ತೇನೆ ಅಕ್ಕ" ಎಂದು ಉಲ್ಲಾಸ ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿದ. ಸಂಜೆ ಐದು ಗಂಟೆ. ಹೊರತೆಗೆದು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. "ಅರವತ್ತೊಂದು. ಈ ಟ್ಯಾಂಕಿನಲ್ಲಿ ಬೆಳಗಿನೊಳಗೆ ನಾಲ್ಕೈದು ಡಿಗ್ರಿ ಇಳೀಬಹುದು, ಹೆಚ್ಚಿಲ್ಲ. ಉಳಿದ ಬಿಸಿ ಎಲ್ಲಿಗೆ ಹೋಗ್ತದೆ?"

ಕೆಳಗಿಳಿದ ಅವನಿಗೆ ಪರಿಮಳೆ ಚಹಾ ಕೊಟ್ಟಳು. ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಬಚ್ಚಲ ಹಿಂದಿನಿಂದ ನೀರು ಸುರಿಯುವ ಸದ್ದು ಕೇಳಿತು. ಹೋಗಿ ನೋಡಿದರೆ ವೆಂಕಮ್ಮ ಸೀರೆ ಎತ್ತಿ ಕಟ್ಟಿ, ಸೋಲಾರ್ ನಲ್ಲಿ ಪೂರಾ ತಿರುಗಿಸಿ ನಿಂತಿದ್ದಾರೆ. ಹಬೆಯಾಡುವ ನೀರು ಕೆಸುವಿನ ಪಾತಿಗೆ ಹೋಗುತ್ತಿದೆ, ಮೇಲೆ ಟ್ಯಾಂಕಿಗೆ ಬಾವಿಯ ತಣ್ಣೀರು ತುಂಬಿಕೊಳ್ಳುತ್ತಿದೆ. ಎಲೆಗಳು ಆಗಲೇ ಬೆಂದು ನೆಲ ಹಿಡಿದಿವೆ. ಪದಾರ್ಥಕ್ಕೆ ಉಪ್ಪು ಹುಳಿ ಹಾಕುವುದಷ್ಟೇ ಬಾಕಿ.

"ಅತ್ತೆ, ಇದೆಂತ?"

"ದಿನಾ ಮಾಡೋದೇಯ" ಎಂದರು ವೆಂಕಮ್ಮ ತಣ್ಣಗೆ. "ಸಂಜೆಗೆ ಹಂಡೆ ಬರಿದು ಮಾಡೋದು ಎಂಗಳ ಮನೆ ಪದ್ಧತಿ. ತಂಗಳು ನೀರಲ್ಲಿ ಮಿಂದು ದೇವರ ಮುಂದೆ ಕೂರಲೆ ಆಗ್ತ?"

ಉಲ್ಲಾಸ ಪಾನಾ ಹಿಡಿದುಕೊಂಡೇ ಅಲ್ಲಿಂದ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು. ಪರಿಮಳೆಗೂ ನಗು ಬಂತು, ಅದರ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು. ಎರಡನ್ನೂ ನುಂಗಿಕೊಂಡಳು. ಪದ್ಧತಿ ತಪ್ಪು ಎಂದರೆ ಅತ್ತೆ ಈ ಜನ್ಮದಲ್ಲಿ ಕೇಳುವವರಲ್ಲ. ಪದ್ಧತಿಯೊಳಗಿಂದಲೇ ದಾರಿ ಹುಡುಕಬೇಕು.

"ಹೌದು ಅತ್ತೆ, ತಂಗಳು ನೀರಲ್ಲಿ ಮೀಯಲೆ ಆಗ್ತಿಲ್ಲೆ" ಎಂದಳು ಮೆಲ್ಲಗೆ. "ಆದ್ರೆ ಹೋದ ವರ್ಷದ ಸಂಡಿಗೆ ತಂಗಳಾಗಿದ್ದ? ಹಪ್ಪಳ?"

"ಅದೆಂತಕ್ಕೆ ಆಗ್ತು? ಬಿಸಿಲಲ್ಲಿ ಒಣಗಿದ್ದು."

"ಇದೂ ಬಿಸಿಲಲ್ಲೇ ಕಾದಿದ್ದಲ್ದ? ಬೆಂಕಿ ಸೋಕಿದ್ದಿಲ್ಲೆ, ಮನುಷ್ಯರ ಕೈ ಸೋಕಿದ್ದಿಲ್ಲೆ. ಸೂರ್ಯದೇವರೇ ಕಾಸಿಕೊಟ್ಟಿದ್ದು. ಅದನ್ನ ಕೆಸುವಿನ ಬುಡಕ್ಕೆ ಚೆಲ್ಲಿದ್ರೆ ಎಂತಾಗ್ತೇನ."

ವೆಂಕಮ್ಮನ ಕೈ ನಲ್ಲಿಯ ಮೇಲೆ ನಿಂತಿತು. ಒಮ್ಮೆ ಮೇಲಿನ ಗಾಜನ್ನು ನೋಡಿದರು, ಒಮ್ಮೆ ಸತ್ತ ಕೆಸುವನ್ನು ನೋಡಿದರು. ನಲ್ಲಿ ನಿಲ್ಲಿಸಿ, ಗೊತ್ತಿಲ್ಲದೆ ತಪ್ಪಾಯಿತೆಂಬಂತೆ ಕೆನ್ನೆ ಮುಟ್ಟಿಕೊಂಡು ಒಳಗೆ ಹೋದರು. ಉಲ್ಲಾಸ ಪಾನಾ ಚೀಲಕ್ಕೆ ಹಾಕಿಕೊಂಡ. "ನಾನು ಬಣ್ಣ ಬಳಿದದ್ದೆಲ್ಲ ದಂಡ ಅಕ್ಕ. ನೀವು ಒಂದೇ ಮಾತಲ್ಲಿ ಮೂವತ್ತು ಡಿಗ್ರಿ ಏರಿಸಿದ್ರಿ" ಎಂದು ಆರರ ಬಸ್ಸಿಗೆ ಓಡಿದ. ಇನ್ನು ಬೆಳಿಗ್ಗೆ ಆರರ ತನಕ ಮಲಗಬಹುದು ಎಂಬ ಸಂತೋಷಕ್ಕೆ ಪರಿಮಳೆಗೆ ರಾತ್ರಿ ಊಟವೂ ಸೇರಲಿಲ್ಲ.

ಬೆಳಗಿನ ಜಾವ ನಾಲ್ಕು ಗಂಟೆಗೇ ಬಾಗಿಲು ಬಡಿದ ಸದ್ದಾಯಿತು.

"ಪರಿಮಳಾ, ಏಳೇ" ವೆಂಕಮ್ಮನ ದನಿಯಲ್ಲಿ ಎಂದೂ ಇಲ್ಲದ ಭಕ್ತಿ. "ಆನು ಯೋಚನೆ ಮಾಡಿದಿ. ನೀ ಹೇಳಿದ್ದೇ ಸಮ. ಸೂರ್ಯದೇವರ ನೀರು ಹೇಳಿದ್ಮೇಲೆ ಅದು ಮಡಿ ನೀರು. ಮೈಲಿಗೆ ಕೈಯಲ್ಲಿ ಆ ನಲ್ಲಿ ಮುಟ್ಟಲೆ ಬತ್ತಿಲ್ಲೆ. ನೀನು ಮೊದಲು ಮಿಂದುಕೊಂಡು ಬಂದು ಎನಗೆ ನೀರು ಬಿಟ್ಟುಕೊಡು."

ಪರಿಮಳೆ ಕತ್ತಲಲ್ಲಿ ಎದ್ದು ಕೂತಳು. "ಆನು ಯಾವ ನೀರಲ್ಲಿ ಮೀಯೋದು ಅತ್ತೆ?"

"ನಿಂಗೆ ಚಳಿ ಆಗ್ತು ಹೇಳಿ ಎನಗೆ ಗೊತ್ತಿಲ್ಯ? ಆನೇ ಹಂಡೆ ತುಂಬಿಸಿ ಇಟ್ಟಿದ್ದಿ. ಒಲೆಗೆ ಒಂಚೂರು ಬೆಂಕಿ ಹಾಕ್ಯ."