ತೋಳಿಗೆ ಇಪ್ಪತ್ತೊಂದು ದಿನ

ಸವದತ್ತಿ ಗುಡ್ಡದ ಮೇಲೆ ನಿಂತು ನಾನು ಹೊಡೆದ ಒಂದೇ ಒಂದು ಪಿಸ್ತೂಲಿನ ಗುಂಡು ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೂತವನ ಬಾಯಲ್ಲಿದ್ದ ಬೀಡಿ ಹೊತ್ತಿಸಿ, ಮೀಸೆಯ ಒಂದು ಕೂದಲನ್ನೂ ಸುಡದೆ ಮುಂದೆ ಹೋಯಿತು. ಅವನು ಎರಡು ದಮ್ಮು ಎಳೆದ ಮೇಲೆ ಸಪ್ಪಳ ಬಂದು ಮುಟ್ಟಿತು. ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಪೊಲೀಸ್ ಹುಸೇನಪೀರ ಮಾತ್ರ ನಗಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ನನ್ನ ಮನೆಯ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದ.

ಮೈಸೂರು ರಾಜ್ಯ ಕರ್ನಾಟಕವಾದ ಮರುವರ್ಷದ ಮಾತು. ಇನ್ನು ಇಪ್ಪತ್ತೆರಡು ದಿನಕ್ಕೆ ಬೆಳಗಾವಿಯಲ್ಲಿ ಎಂಟು ದಿನದ ರಿವಾಲ್ವರ್ ಕೋರ್ಸು ಇತ್ತು. ಮೊದಲ ದಿನ ಆರು ಗುಂಡು ಹಾರಿಸಲು ಕೊಡುತ್ತಾರಂತೆ; ಕೈ ನಡುಗಿದವನನ್ನು ಸಂಜೆ ಬಸ್ಸಿಗೇ ವಾಪಸು ಕಳಿಸುತ್ತಾರಂತೆ. ಪಾಸಾದರೆ ಬೆಳಗಾವಿಯಲ್ಲೇ ಡ್ಯೂಟಿ. ಅವನಿಗೆ ಬೇಕಾದದ್ದು ಅದೊಂದೇ. ಏಳು ವರ್ಷದ ಮಗಳು ಹುಸೇನಮಾಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಅಂಥ ಮಕ್ಕಳ ಶಾಲೆ ಇದ್ದದ್ದು ಅಲ್ಲಿ. ಅವನಿಗೆ ನಲವತ್ತು ತುಂಬಲು ಮೂರು ತಿಂಗಳು ಉಳಿದಿತ್ತು. ಆಮೇಲೆ ಕೋರ್ಸಿಗೆ ಯಾರೂ ಹೆಸರು ಕಳಿಸುವುದಿಲ್ಲ. ಠಾಣೆಯಲ್ಲಿದ್ದ ಒಂದೇ ರಿವಾಲ್ವರ್ ಫೌಜದಾರರ ಸೊಂಟದಲ್ಲಿರುತ್ತಿತ್ತು. “ನೀವು ಮಿಲಿಟರಿಯವರು. ಕೈ ಹಿಡದು ಕಲಸ್ರಿ, ಉಸ್ತಾದ,” ಎಂದ.

ಉಸ್ತಾದ ಅನ್ನುವುದು ಗರಡಿಮನೆಯ ಗುರುವಿಗೆ ಸಲ್ಲುವ ಮಾತು. ಹದಿನಾಲ್ಕು ವರ್ಷ ಪಲಟಣದಲ್ಲಿದ್ದು ಬಂದ ಈ ನಿಜಗುಣಪ್ಪನನ್ನು ರಾಮದುರ್ಗದಲ್ಲಿ ಅಲ್ಲಿಯತನಕ ಯಾರೂ ಹಾಗೆ ಕರೆದಿರಲಿಲ್ಲ. ನನಗೂ ಗರಡಿಮನೆಯ ದಾರಿಯೇ ಹೊಳೆಯಿತು. ಪಿಸ್ತೂಲು ನಿಲ್ಲುವುದು ತೋಳಿನ ಮೇಲೆ, ತೋಳು ಕಲ್ಲಾಗಬೇಕು ಎಂದೆ. ಹೊಳೆಯ ದಂಡೆಗೆ ಕರೆದೊಯ್ದು, ನೀರು ತುಂಬಿದ ತಂಬಿಗೆಯನ್ನು ಬಲಗೈಯಲ್ಲಿ ನೆಟ್ಟಗೆ ಮುಂದೆ ಚಾಚಿ ನೂರು ಎಣಿಸುವತನಕ ನಿಲ್ಲಿಸಿದೆ. ವಾರದ ಮೇಲೆ ತಂಬಿಗೆ ಹೋಗಿ ತಾಮ್ರದ ಕೊಡ ಬಂತು. ಅವನು ತುಂಬಿಕೊಂಡ ನೀರಿಗೆ ಮಲಪ್ರಭೆ ನಾಲ್ಕು ಬೆರಳು ಇಳಿದಳು. ಅವನ ಭುಜ ನೋಡಿ ಮೈತೊಳೆಯಲು ಬಂದ ಎಮ್ಮೆಗಳು ದಾರಿ ಬಿಟ್ಟವು. ಅವನು ಕೊಡ ಹಿಡಿದು ನಿಂತಷ್ಟು ಹೊತ್ತೂ ನಾನು ಕಲ್ಲಿನ ಮೇಲೆ ಕೂತು ನನ್ನ ಗುಂಡುಗಳ ಕಥೆ ಹೇಳುತ್ತಿದ್ದೆ. ಅವನು ಎಣಿಸುವುದನ್ನೂ ಮರೆತು ಕೇಳುತ್ತಿದ್ದ.

ಹನ್ನೆರಡನೆಯ ದಿನ ಕೈ ನಡುಗತೊಡಗಿತು. ಶಕ್ತಿ ತೋಳಿನೊಳಗೆ ಇಳಿಯುವಾಗ ಹಾಗೆ ಆಗುತ್ತದೆ ಎಂದೆ. ಹದಿನೈದಕ್ಕೆ ಭುಜ ಬಾತುಕೊಂಡಿತು. ನನ್ನ ಹೆಂಡತಿ ರಾಚವ್ವ ಔಡಲೆಣ್ಣೆ ಬಿಸಿ ಮಾಡಿ ಅವನಿಗೆ ಬಟ್ಟಲಲ್ಲಿ ಕೊಟ್ಟು ಕಳಿಸಿದಳು. ಅವನು ಓಣಿ ದಾಟಿದ ಮೇಲೆ ನನ್ನ ಕಡೆ ತಿರುಗಿ, “ಆತನ ಕೂಸಿನ ಸಾಲೀ ಮಾತೈತಿ. ಈಗರ ಖರೇ ಹೇಳ್ರಿ,” ಎಂದಳು. ನಿನಗೇನು ತಿಳಿಯುತ್ತದೆ ಬಂದೂಕಿನ ವಿಷಯ ಎಂದು ಗದರಿಸಿದೆ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಅವನು ಓಡುತ್ತ ಬಂದ. ಮರುದಿನ ಬೆಳಿಗ್ಗೆ ಅವನ ಬಸ್ಸು. ಫೌಜದಾರರು ಊಟ ಮಾಡಿ ಅಡ್ಡಾಗುವ ಮೊದಲು, ಗುಂಡಿನ ತೋಟಾ ತೆಗೆದು, ತಾವು ಏಳುವಷ್ಟರಲ್ಲಿ ತಂದುಕೊಡು ಎಂದು ರಿವಾಲ್ವರನ್ನು ಚರ್ಮದ ಚೀಲದ ಸಮೇತ ಅವನ ಕೈಗೆ ಕೊಟ್ಟಿದ್ದರು. ಅದನ್ನು ನನ್ನ ಮುಂದೆ ಎರಡೂ ಕೈಯಿಂದ ಹಿಡಿದು, “ಬಿಚ್ಚಿ ತೋಟಾ ಹಾಕೋದು ಒಂದ್ಸಲ ತೋರಸ್ರಿ, ಉಸ್ತಾದ. ನಾಳೆ ಅಲ್ಲಿ ಮಂದಿ ನಗಬಾರದು,” ಎಂದ.

ತಗೊಂಡೆ. ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹಗುರವಿತ್ತು. ತಿರುವಿದೆ, ಹಿಂದಕ್ಕೆ ಎಳೆದೆ, ಮುಂದಕ್ಕೆ ನೂಕಿದೆ. ಎಲ್ಲಿ ಬಿಚ್ಚಬೇಕೋ ತಿಳಿಯಲಿಲ್ಲ. ಇದು ಈಗಿನ ಹೊಸ ನಮೂನೆ, ನಮ್ಮ ಕಾಲದಲ್ಲಿ ಇಂಥದ್ದು ಇರಲಿಲ್ಲ ಎಂದೆ.

“ಇಂಗ್ಲಿಷರ ಕಾಲದ್ದಂತ. ಸಾಹೇಬರು ಹೇಳಿದ್ರು,” ಎಂದ ಹುಸೇನಪೀರ. ಅವರು ತೋಟಾ ತೆಗೆಯುವಾಗ ನೋಡಿದ್ದಂತೆ ಕೈಚಾಚಿ ಹೆಬ್ಬೆರಳಿನಿಂದ ಮೇಲಿನ ಕೊಂಡಿ ಒತ್ತಿದ. ಅದು ನನ್ನ ಅಂಗೈಯಲ್ಲೇ ಬಾಯಿ ತೆರೆಯಿತು. ನನ್ನ ಮುಖ ನೋಡಿದ.

“ಕಾಕಾ, ನೀವು ಇದನ್ನ ಯಾವಾಗರ ಮುಟ್ಟೀರೇನು?”

ಸುಳ್ಳು ನಾಲಿಗೆಯ ತುದಿಯತನಕ ಬಂದಿತ್ತು. ಹೊರಗೆ ಬರಲಿಲ್ಲ. “ಇಲ್ಲೋ ತಮ್ಮಾ. ಹದಿನಾಲ್ಕು ವರ್ಷ ಪಲಟಣದ ಅಡಗಿ ಮನ್ಯಾಗ ಚಪಾತಿ ಲಟ್ಟಿಸೇನಿ. ಬಂದೂಕ ಹಿಡದವರ ತಾಟಿಗೆ ಪಲ್ಲೆ ನೀಡೇನಿ.”

ಅವನು ಸಿಟ್ಟಿಗೇಳಲಿಲ್ಲ. ರಿವಾಲ್ವರ್ ತಗೊಂಡು ಮುಚ್ಚಿ ಚೀಲಕ್ಕೆ ಹಾಕಲು ಹೋದ. ನಳಿಗೆಯ ತುದಿ ಚರ್ಮದ ಬಾಯಿಯ ಆಚೆ ಬಡಿಯಿತು, ಈಚೆ ಬಡಿಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು ಮತ್ತೊಮ್ಮೆ ಹಾಕಿ ನೋಡಿದ. ಒಳಗೆ ಹೋಗಲಿಲ್ಲ. ಕಡೆಗೆ ಚೀಲ, ರಿವಾಲ್ವರ್ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತ.

“ಕೈ ನಡಗಾಕ ಹತ್ತಿದ ದಿನಾನ ಕೊಡಾ ಬಿಡಸಬೇಕಿತ್ತಲ್ಲರಿ,” ಎಂದ.

“ಬಿಡಿಸಿದ್ರ ಮರುದಿನದಿಂದ ನೀ ಬರತಿದ್ದಿಲ್ಲ,” ಎಂದೆ. “ನನ್ನ ಮಾತು ಕೇಳಾಕ ದಿನಾ ಬರಾಂವ ಈ ಊರಾಗ ನೀ ಒಬ್ಬನ ಇದ್ದಿ.”